ಆರು ತಿಂಗಳ ಕರಾರು, ಹತ್ತು ವಾರ ಕಳೆದಿದೆ, ಈಗ "ಬೆಲೆ ಇಳಿಸಿ" ಅಂತಾನೆ ಬ್ರೋಕರ್. ಬಿಡಿಸಿಕೊಳ್ಳೋದು ಹೇಗೆ?

ಹೊಸಿಲು (ಪ್ರಶ್ನೆ)

ಮನೆ ಮಾರಾಟಕ್ಕಿದೆ. ಒಬ್ಬನೇ ಏಜೆಂಟ್, 6 ತಿಂಗಳ ಕರಾರು, ಕಮಿಷನ್ 2%. ಸಹಿಗೆ ಮುಂಚೆ ಮೂವರು ಬೆಲೆ ಕಟ್ಟಿದ್ದರು. ನಿಜವಾದ ಅಂಕಿ ಇಲ್ಲಿ ಬೇಡ, ಅನುಪಾತ ಸಾಕು: ಒಬ್ಬ 100 ಅಂದ, ಇನ್ನೊಬ್ಬ 102, ಮೂರನೆಯವ 115. ಕರಾರಾಗಿದ್ದು 115 ಅಂದವನ ಜೊತೆ. ಇವತ್ತಿಗೆ 10 ವಾರ. ಒಟ್ಟು 9 ಜನ ಬಂದು ನೋಡಿದ್ದಾರೆ, ಬರಹದಲ್ಲಿ ಒಂದೂ ಆಫರ್ ಇಲ್ಲ. ಫೋನ್ ಮಾಡಿದರೆ "ಒಂದು ಪಾರ್ಟಿ ಇದೆ, ಯೋಚನೆ ಮಾಡ್ತಿದ್ದಾರೆ" ಅನ್ನುವ ಅದೇ ಪಲ್ಲವಿ. ಈ ವಾರದಿಂದ 98ಕ್ಕೆ ಇಳಿಸಿ ಅಂತ ಶುರು.

ಗೊತ್ತಿದ್ದವರು ಇಷ್ಟು ಬಿಡಿಸಿ ಹೇಳಿ:
1. ಅವಧಿಗೆ ಮುಂಚೆ ಕರಾರಿನಿಂದ ಹೊರಬರಲು ಏನು ಮಾಡಬೇಕು?
2. 98 ಅನ್ನೋದು ಸರಿಯಾದ ಬೆಲೆಯೋ, ಅವನ ಕೈ ತೊಳೆದುಕೊಳ್ಳುವ ಬೆಲೆಯೋ?
3. ಬ್ರೋಕರ್ ಕೆಲಸ ಮಾಡ್ತಿದ್ದಾನಾ ಇಲ್ಲವಾ ಅಂತ ಹೊರಗಿನಿಂದ ತಿಳಿಯೋದು ಹೇಗೆ?
4. ಎರಡನೇ ಬ್ರೋಕರ್ ಹಿಡಿದರೆ ಇಬ್ಬರಿಗೂ ಕಮಿಷನ್ ಕೊಡಬೇಕಾಗುತ್ತಾ?

---

ಲೆಕ್ಕದಪುಸ್ತಕ

ಎರಡನೇ ಪ್ರಶ್ನೆಯಿಂದ ಹಿಡಿಯೋಣ, ಉಳಿದವೆಲ್ಲ ಅದರ ಮಕ್ಕಳು.

115 ಅನ್ನೋದು ಬೆಲೆ ಅಲ್ಲ, ಬಲೆ. ಕರಾರು ಗಿಟ್ಟಿಸೋಕೆ ಎಲ್ಲರಿಗಿಂತ ಹೆಚ್ಚು ಹೇಳೋದು, ಸಹಿ ಬಿದ್ದ ಮೇಲೆ "ಮಾರ್ಕೆಟ್ ಮಲಗಿದೆ" ಅಂತ ಇಳಿಸುತ್ತಾ ಬರೋದು ಈ ಕಸುಬಿನ ಹಳೇ ಪಟ್ಟು. ಇಬ್ಬರು ಬೇರೆ ಬೇರೆಯಾಗಿ ಬಂದು 100, 102 ಅಂದ ಮೇಲೆ ಮೂರನೆಯವನಿಗೆ ಕೇಳಬೇಕಿದ್ದದ್ದು ಒಂದೇ: ಕಳೆದ 6 ತಿಂಗಳಲ್ಲಿ ಇದೇ ಅಳತೆಯ, ಇದೇ ವಯಸ್ಸಿನ ಯಾವ ಮೂರು ಮನೆ, ಎಷ್ಟಕ್ಕೆ ನೋಂದಣಿ ಆಗಿವೆ? ಜಾಹೀರಾತಿನಲ್ಲಿರೋ ಬೆಲೆ ತೋರಿಸಿದರೆ ಅದು ಉತ್ತರವಲ್ಲ. ಜಾಹೀರಾತಿನಲ್ಲಿ ಉಳಿದಿರೋದು ಮಾರಾಟವಾಗದ ಮನೆಗಳು. ಅವುಗಳ ಬೆಲೆ ಹಿಡಿದು ನಿಮ್ಮ ಮನೆಗೆ ಬೆಲೆ ಕಟ್ಟೋದು, ಫೇಲಾದವನ ಉತ್ತರ ಪತ್ರಿಕೆ ನೋಡಿ ಬರೆದ ಹಾಗೆ.

ಇನ್ನು 98. ಅವನ ಜಾಗದಲ್ಲಿ ಕೂತು ಲೆಕ್ಕ ಹಾಕಿ. ಮನೆ 100ಕ್ಕೆ ಹೋದರೆ 2% ಕಮಿಷನ್ ಅಂದರೆ 2. 95ಕ್ಕೆ ಹೋದರೆ 1.9. ನಿಮಗೆ ಕೈತಪ್ಪಿದ್ದು 4.9, ಅವನಿಗೆ 0.1. ಅದರಲ್ಲಿ ಅರ್ಧ ಅವನ ಸಂಸ್ಥೆಗೆ ಹೋಗುವುದಾದರೆ ಅವನ ಜೇಬಿಗೆ ಬಂದ ನಷ್ಟ 0.05. ಆ 0.05ಕ್ಕೋಸ್ಕರ ಇನ್ನೂ ಒಂದು ತಿಂಗಳು ಫೋನ್ ಎತ್ತಿ, ಕೀ ಹಿಡಿದು ಓಡಾಡಿ, ಚೌಕಾಸಿ ಮಾಡೋಕೆ ಯಾರಿಗೆ ಮನಸ್ಸಿರುತ್ತೆ? ಮೋಸ ಮಾಡಬೇಕು ಅಂತಲೇ ಇರಬೇಕಾಗಿಲ್ಲ, ಲೆಕ್ಕವೇ ಅವನನ್ನ ಆ ಕಡೆ ತಳ್ಳುತ್ತೆ.

ಇದನ್ನ ಅಳೆದು ನೋಡಿದವರೂ ಇದ್ದಾರೆ. ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ ಅನ್ನೋ ಅಮೆರಿಕದ ಅರ್ಥಶಾಸ್ತ್ರಜ್ಞರು ಶಿಕಾಗೋ ಸುತ್ತಲಿನ ಸುಮಾರು 1 ಲಕ್ಷ ಮನೆ ಮಾರಾಟಗಳನ್ನ ಹೋಲಿಸಿದರು. ಅದರಲ್ಲಿ 3,300ರಷ್ಟು ಏಜೆಂಟರ ಸ್ವಂತ ಮನೆಗಳು. 2008ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ ಏಜೆಂಟರು ತಮ್ಮ ಮನೆಯನ್ನ ಗಿರಾಕಿಗಳ ಅಂಥದ್ದೇ ಮನೆಗಿಂತ ಸುಮಾರು 9.5 ದಿನ ಹೆಚ್ಚು ಮಾರುಕಟ್ಟೆಯಲ್ಲಿಟ್ಟು, ಸುಮಾರು 3.7% ಹೆಚ್ಚಿಗೆ ಮಾರಿದ್ದರು. ತಮ್ಮದಾದರೆ ಕಾಯುತ್ತಾರೆ, ನಿಮ್ಮದಾದರೆ "ಕೊಟ್ಟುಬಿಡಿ" ಅಂತಾರೆ.

ಹಾಗಂತ ನಿಮ್ಮ ವಿಷಯದಲ್ಲಿ ಇಳಿಸಲೇಬಾರದು ಅಂತಲ್ಲ. 115 ಹೇಗೂ ಸುಳ್ಳು. ಆದರೆ 115ರಿಂದ 112, ಆಮೇಲೆ 108, 105 ಅಂತ ಮೆಟ್ಟಿಲಿಳಿದರೆ ಪ್ರತಿ ಮೆಟ್ಟಿಲಲ್ಲೂ ಕೊಳ್ಳುವವನು "ಇನ್ನೂ ಇಳೀತಾರೆ, ತಡಿ" ಅಂತ ಕಾಯುತ್ತಾನೆ. ಇಳಿಸಿದರೆ ಒಂದೇ ಸಲ ಇಳಿಸಿ. ದುಂಡು ಅಂಕಿಯ ಮೇಲೇ ನಿಲ್ಲಿಸಿ, ಯಾಕಂದರೆ ಲಿಸ್ಟಿಂಗ್ ತಾಣಗಳಲ್ಲಿ ಜನ ಹುಡುಕೋದು "90ರಿಂದ 100", "100ರಿಂದ 110" ಅಂತ. 101 ಹಾಕಿದ ಮನೆ ಮೊದಲನೇ ಗುಂಪಿನ ಕಣ್ಣಿಗೇ ಬೀಳಲ್ಲ. ಸರಿಯಾಗಿ 100 ಹಾಕಿದರೆ ಎರಡೂ ಗುಂಪಿಗೆ ಕಾಣುತ್ತೆ. ಅದಕ್ಕೂ ಮುಂಚೆ ಸಾಲ ಕೊಡುವ ಬ್ಯಾಂಕುಗಳಿಗೆ ಮೌಲ್ಯಮಾಪನ ಮಾಡಿಕೊಡೋ ಸ್ವತಂತ್ರ ವ್ಯಾಲ್ಯುಯರ್ ಒಬ್ಬರಿಂದ ವರದಿ ತೆಗೆಸಿ. ಮನೆ ಎಷ್ಟಕ್ಕೆ ಹೋದರೂ ಅವರ ಫೀಸು ಅಷ್ಟೇ, ಹಾಗಾಗಿ ಅವರಿಗೆ ಯಾವ ಕಡೆಗೂ ಎಳೆತ ಇಲ್ಲ.

ಮುಂದಿನ ಕರಾರಿನಲ್ಲಿ ಕಮಿಷನ್ನನ್ನ ಮೆಟ್ಟಿಲು ಮಾಡಿ. ಉದಾಹರಣೆಗೆ 95ರವರೆಗೆ 1.5%, ಅದರ ಮೇಲೆ ಬಂದದ್ದಕ್ಕೆ 10%. ಮನೆ 100ಕ್ಕೆ ಹೋದರೆ 1.425 ಮತ್ತು 0.5, ಒಟ್ಟು 1.925. ನೀವು ಕೊಡೋದು ಹೆಚ್ಚುಕಮ್ಮಿ ಅಷ್ಟೇ, ಆದರೆ ಕೊನೆಯ 5ಕ್ಕೆ ಅವನಿಗೆ 0.1 ಬದಲು 0.5 ಸಿಗುತ್ತೆ. ಒಂದು ಹುಷಾರಿ: ಹೀಗೆ ಅಂದ ತಕ್ಷಣ ಗಡಿಯನ್ನ 85ಕ್ಕೆ ಇಡಿಸೋಕೆ ನೋಡ್ತಾನೆ. ವ್ಯಾಲ್ಯುಯರ್ ವರದಿ ಕೈಯಲ್ಲಿಲ್ಲದೆ ಈ ಮಾತಿಗೆ ಕೂರಬೇಡಿ. "ನಿಮಗೆ ಇಷ್ಟು ಕೊಡ್ತೀನಿ, ಮೇಲೆ ಬಂದದ್ದು ನನಗೆ" ಅನ್ನೋ ವ್ಯವಹಾರವಂತೂ ಬೇಡವೇ ಬೇಡ. ಅಲ್ಲಿ ನಿಮ್ಮ ಬೆಲೆಯನ್ನ ಕಡಿಮೆ ಹೇಳೋದೇ ಅವನ ಲಾಭ.

---

ಮೂರನೇಮಹಡಿ

3ನೇ ಪ್ರಶ್ನೆಗೆ. "9 ಜನ ನೋಡಿದರು" ಅನ್ನೋದರಿಂದ ಏನೂ ಗೊತ್ತಾಗಲ್ಲ. ತಾರೀಕು ಕೇಳಿ. ಹೊಸ ಲಿಸ್ಟಿಂಗ್‌ಗೆ ಹೆಚ್ಚು ಕಣ್ಣು ಬೀಳೋದು ಮೊದಲ ಎರಡು ಮೂರು ವಾರ, ಆಗಲೇ ಹುಡುಕುತ್ತಾ ಇರೋರೆಲ್ಲ ಆಗ ಒಟ್ಟಿಗೆ ನೋಡ್ತಾರೆ. 9ರಲ್ಲಿ 7 ಜನ ಆ ಮೂರು ವಾರದಲ್ಲಿ ಬಂದು ಆಮೇಲೆ ಬರಗಾಲ ಅಂದರೆ ಬೆಲೆ ಹೆಚ್ಚಾಗಿದೆ ಅಂತ ಅರ್ಥ. ಮೊದಲ ಮೂರು ವಾರದಲ್ಲೇ ಒಬ್ಬರೋ ಇಬ್ಬರೋ ಬಂದಿದ್ದರೆ ಜಾಹೀರಾತು ಸರಿಯಾಗಿ ಹೋಗಿಲ್ಲ, ಅಥವಾ ಫೋನ್ ಎತ್ತುವವರಿಲ್ಲ.

ಎಲ್ಲಿ ನಿಲ್ತಿದೆ ಅಂತ ನೋಡಿ:

ಲಿಸ್ಟಿಂಗ್ ನೋಡಿದವರು ಬಹಳ, ಫೋನ್ ಕಡಿಮೆ: ಬೆಲೆ, ಇಲ್ಲವೇ ಮೊದಲನೇ ಫೋಟೋ.
ಫೋನ್ ಬಹಳ, ಭೇಟಿ ಕಡಿಮೆ: ಬ್ರೋಕರ್. ವಾಪಸ್ ಕರೆ ಮಾಡ್ತಿಲ್ಲ ಅಥವಾ ನಿಮ್ಮ ಮನೆ ಕೇಳಿದವರನ್ನ ಇನ್ನೊಂದು ಮನೆಗೆ ಕರೆದೊಯ್ತಿದ್ದಾನೆ.
ಭೇಟಿ ಇದೆ, ಎರಡನೇ ಸಲ ಯಾರೂ ಬರ್ತಿಲ್ಲ: ಫೋಟೋದಲ್ಲಿ ಕಂಡದ್ದು ಮನೆಯಲ್ಲಿ ಕಾಣ್ತಿಲ್ಲ.
ಎರಡನೇ ಸಲವೂ ಬಂದು ಹೋದರು, ಆಫರ್ ಇಲ್ಲ: ಬಹುಪಾಲು ಕಾಗದಪತ್ರದ ತೊಡಕು. ವಿಸ್ತೀರ್ಣ ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಇರುತ್ತೆ, ಅಥವಾ ಸಾಲ ತೀರಿದ ಪತ್ರ ಇರಲ್ಲ.

ಎರಡನೇ ಸಾಲಿನ ರೋಗ ಪತ್ತೆ ಮಾಡೋದು ಸುಲಭ. ಬ್ರೋಕರಿಗೆ ಗೊತ್ತಿಲ್ಲದ ನಂಬರಿನಿಂದ ಪರಿಚಯದವರೊಬ್ಬರಿಂದ ವಾರದ ಮಧ್ಯೆ ಹಗಲಲ್ಲಿ ಒಂದು ಫೋನ್, ಸಂಜೆ ಒಂದು ಮೆಸೇಜ್ ಹಾಕಿಸಿ. ಗಮನಿಸಬೇಕಾದ್ದು: ಎಷ್ಟು ಗಂಟೆಗೆ ವಾಪಸ್ ಬಂದ, ವಿಸ್ತೀರ್ಣ ಸರಿಯಾಗಿ ಹೇಳಿದನಾ, ಬೆಲೆ ಕೇಳಿದ ತಕ್ಷಣ "ಕೂತು ಮಾತಾಡೋಣ, ಓನರ್ ಇಳೀತಾರೆ" ಅಂದನಾ, ಬೇರೆ ಮನೆ ತೋರಿಸ್ತೀನಿ ಅಂದನಾ. ಮೂರನೆಯದು ನಡೀತಿದ್ದರೆ ನಿಮ್ಮ ಪರವಾಗಿ ಚೌಕಾಸಿ ಮಾಡುವವರು ಯಾರೂ ಇಲ್ಲ, ಎದುರು ಕಡೆಗೆ ಇಬ್ಬರಿದ್ದಾರೆ.

ಫೋಟೋ ವಿಷಯ ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದರೆ ಹೆಚ್ಚಿನವರು ಸೋಲೋದು ಇಲ್ಲೇ. ಲಿಸ್ಟಿಂಗ್ ತೆರೆದು ಹೊರಗಿನವರ ಕಣ್ಣಲ್ಲಿ ನೋಡಿ. ಅಡುಗೆಮನೆ ಕಟ್ಟೆ ಮೇಲೆ ತೊಳೆದ ಪಾತ್ರೆಯ ಬುಟ್ಟಿ, ಬಚ್ಚಲ ಕನ್ನಡಿಯಲ್ಲಿ ಫ್ಲಾಶ್ ಹೊಡೆದ ಬೆಳಕು ಮತ್ತು ಬ್ರೋಕರನ ಮೊಣಕೈ, ಹಾಲ್ ಫೋಟೋದಲ್ಲಿ ಕಿಟಕಿ ಪೂರ್ತಿ ಬಿಳಿಚಿಕೊಂಡು ಕೋಣೆ ಗುಹೆಯ ಹಾಗೆ. ಮೊಬೈಲನ್ನ ನಿಲ್ಲಿಸಿ ಹಿಡಿದು ತೆಗೆದದ್ದಾದರೆ ಅಕ್ಕಪಕ್ಕ ಕಪ್ಪು ಪಟ್ಟಿ. ಇಂಥವು ಮೂರು ಇದ್ದರೆ ಬೆಲೆ ಇಳಿಸಿಯೂ ಪ್ರಯೋಜನ ಕಡಿಮೆ.

ಸರಿಯಾದ ಕ್ರಮ: ಅಡ್ಡ ಚೌಕಟ್ಟು, ಎದೆಮಟ್ಟ (ನೆಲದಿಂದ ಸುಮಾರು 1.2ರಿಂದ 1.4 ಮೀಟರ್), ಗೋಡೆಯ ಅಂಚುಗಳು ನೆಟ್ಟಗೆ ನಿಲ್ಲುವಂತೆ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ (ದೊಡ್ಡ ಸೆನ್ಸರ್ ಇರೋದು) 16ರಿಂದ 24 ಮಿಲಿಮೀಟರ್ ಲೆನ್ಸ್ ಸಾಕು. ಅದಕ್ಕಿಂತ ಅಗಲಕ್ಕೆ ಹೋದರೆ ಮಲಗುವ ಕೋಣೆ ಕಲ್ಯಾಣಮಂಟಪದ ಹಾಗೆ ಕಾಣುತ್ತೆ, ಬಂದವರು ಬಾಗಿಲಲ್ಲೇ ಮುಖ ಸಣ್ಣ ಮಾಡ್ತಾರೆ. ಕಿಟಕಿ ಬಿಳಿಚದಿರೋಕೆ ಒಂದೇ ಚೌಕಟ್ಟನ್ನ ಬೇರೆ ಬೇರೆ ಎಕ್ಸ್‌ಪೋಷರ್‌ನಲ್ಲಿ (ಅಂದರೆ ಬೆಳಕು ಹೆಚ್ಚು ಕಡಿಮೆ ಮಾಡಿ) ಮೂರು ಸಲ ತೆಗೆದು ಸೇರಿಸಬೇಕು. ಒಟ್ಟು 15ರಿಂದ 20 ಫೋಟೋ, ಜೊತೆಗೆ ಪ್ರತಿ ಕೋಣೆಯ ಅಳತೆ ಬರೆದ ನಕ್ಷೆ ಒಂದು. ನಕ್ಷೆ ಇದ್ದರೆ ತಮ್ಮ ಮಂಚ ಹಿಡಿಯಲ್ಲ ಅಂತ ಗೊತ್ತಾಗಬೇಕಾದವರಿಗೆ ಮನೇಲೇ ಗೊತ್ತಾಗುತ್ತೆ, ಸುಮ್ಮನೆ ಬರೋರು ಕಡಿಮೆ ಆಗ್ತಾರೆ. ಹೊಸ ಫೋಟೋ, ಹೊಸ ಬರಹ, ಹೊಸ ಬೆಲೆ ಮೂರೂ ಒಂದೇ ದಿನ ಬದಲಾಗಲಿ.

---

ಮೇಜಿನಾಚೆ

ಬ್ರೋಕರ್ ಕಡೆಯ ಮಾತೂ ಒಂದಿಷ್ಟು ಇರಲಿ, ಚಪ್ಪಲಿ ಎಸೀಬೇಡಿ.

ಒಂದು ಮನೆಯನ್ನ ಐದು ಬ್ರೋಕರ್‌ಗಳಿಗೆ ಕೊಟ್ಟರೆ ಐವರೂ ಓಡಾಡ್ತಾರೆ ಅನ್ನೋದು ಭ್ರಮೆ. ಒಬ್ಬನೂ ಫೋಟೋಗೆ ದುಡ್ಡು ಹಾಕಲ್ಲ, ಯಾಕಂದರೆ ಲಾಭ ಇನ್ನೊಬ್ಬನಿಗೆ ಹೋಗಬಹುದು. ಒಬ್ಬ 100 ಅಂತ ಹಾಕ್ತಾನೆ, ಇನ್ನೊಬ್ಬ 97, ಮತ್ತೊಬ್ಬ ವಿಸ್ತೀರ್ಣವನ್ನೇ ತಪ್ಪು ಬರೀತಾನೆ. ಕೊಳ್ಳುವವರು ಮೂರೂ ನೋಡಿ, ಮಾಲೀಕರಿಗೆ ಅರ್ಜೆಂಟ್ ಇದೆ ಅಂತ ತೀರ್ಮಾನಿಸಿ 92ರಿಂದ ಮಾತು ಶುರು ಮಾಡ್ತಾರೆ. ಆದ್ದರಿಂದ ಒಬ್ಬನೇ ಏಜೆಂಟ್ ಅನ್ನೋದು ತಪ್ಪಲ್ಲ, 6 ತಿಂಗಳು ಅನ್ನೋದು ತಪ್ಪು. 8ರಿಂದ 12 ವಾರ ನ್ಯಾಯ. 4 ವಾರ ಅಂದರೆ ಒಳ್ಳೆಯವನು ಕೈ ಹಾಕಲ್ಲ.

ಭಾನುವಾರ ಸಂಜೆ ಒಂದು ಗಂಟೆ ಮಾತ್ರ ಮನೆ ತೋರಿಸ್ತೀನಿ ಅನ್ನೋ ಮಾಲೀಕರಿದ್ದರೆ ಬ್ರೋಕರ್ ಏನು ಮಾಡಬೇಕು? ಬಂದವರ ಹಿಂದೆಯೇ ಕೋಣೆ ಕೋಣೆಗೆ ನಡೆದು ಟೈಲ್ಸ್ ಎಷ್ಟಕ್ಕೆ ಹಾಕಿಸಿದ್ದು ಅಂತ ಕಥೆ ಹೇಳೋರೂ ಅಷ್ಟೇ. ಆ ಜನ ತಮ್ಮೊಳಗೆ "ಇಲ್ಲಿ ಮಕ್ಕಳ ಕೋಣೆ ಮಾಡಬಹುದು" ಅಂತ ಮಾತಾಡಿಕೊಳ್ಳೋಕೆ ಬಿಡಬೇಕು. ತೋರಿಸೋ ಹೊತ್ತಿಗೆ ಮನೆಯವರು ಹೊರಗೆ ಹೋಗೋದು ಉತ್ತಮ, ಒಡವೆ ಮತ್ತು ಕಾಗದ ಬೀಗದಲ್ಲಿಟ್ಟು.

ಅಂದಹಾಗೆ 10 ವಾರ ಬರಹದಲ್ಲಿ ವರದಿ ಕೊಡದ ಬ್ರೋಕರ್‌ನ ನಾನೂ ಸಮರ್ಥಿಸಲ್ಲ. ನೋಡಿ ಹೋದ 24 ಗಂಟೆಯಲ್ಲಿ "ಏನಂದರು" ಅಂತ ಒಂದು ಸಾಲು ಕಳಿಸೋದು ಈ ಕೆಲಸದ ಕನಿಷ್ಠ ಮರ್ಯಾದೆ.

---

ಹೊಸಿಲು

ಕರಾರು ತೆಗೆದು ಓದಿದೆ. ಎರಡು ಸಾಲು ಇಲ್ಲಿ ಹಾಕ್ತೀನಿ. "ಕರಾರಿನ ಅವಧಿಯಲ್ಲಿ ಯಾರ ಮೂಲಕ ಮಾರಾಟವಾದರೂ ಕಮಿಷನ್ ಸಲ್ಲತಕ್ಕದ್ದು." ಇನ್ನೊಂದು: "ಕೊಳ್ಳಲು ಸಿದ್ಧನೂ ಇಚ್ಛೆಯುಳ್ಳವನೂ ಶಕ್ತನೂ ಆದ ವ್ಯಕ್ತಿಯನ್ನು ಪರಿಚಯಿಸಿದೊಡನೆ ಕಮಿಷನ್ ಸಲ್ಲತಕ್ಕದ್ದು." ರದ್ದತಿ: 14 ದಿನದ ಲಿಖಿತ ನೋಟಿಸ್, 8 ವಾರ ಆದ ಮೇಲೆ ಯಾವಾಗ ಬೇಕಾದರೂ. ಅವಧಿ ಮುಗಿದ 6 ತಿಂಗಳೊಳಗೆ ಅವರು "ಪರಿಚಯಿಸಿದ" ಯಾರಾದರೂ ಕೊಂಡರೂ ಕಮಿಷನ್. ಪಕ್ಕದ ಮನೆಯವರ ಸಂಬಂಧಿಕರೊಬ್ಬರು ತಾವಾಗಿ ವಿಚಾರಿಸ್ತಿದ್ದಾರೆ. ಅವರಿಗೆ ಕೊಟ್ಟರೂ ಕಮಿಷನ್ ತೆರಬೇಕಾ?

---

ಕರಾರುಓದುಗ

ಬಚಾವು. 8 ವಾರ ದಾಟಿದೆ, 14 ದಿನದ ಬಾಗಿಲು ತೆರೆದಿದೆ.

ನೀವು ಹಾಕಿದ ಮೊದಲ ಸಾಲೇ ಎಲ್ಲಕ್ಕಿಂತ ಭಾರ. "ಒಬ್ಬನೇ ಏಜೆಂಟ್" ಅನ್ನೋದರಲ್ಲಿ ಎರಡು ಜಾತಿ ಇವೆ, ಬಾಯಲ್ಲಿ ಹೇಳುವಾಗ ಒಂದೇ ಥರ ಕೇಳುತ್ತೆ. ಒಂದರಲ್ಲಿ ಬೇರೆ ಏಜೆಂಟ್ ಇಟ್ಟುಕೊಳ್ಳುವ ಹಾಗಿಲ್ಲ, ಆದರೆ ಮಾಲೀಕರೇ ಸ್ವಂತವಾಗಿ ಗಿರಾಕಿ ಹುಡುಕಿದರೆ ಕಮಿಷನ್ ಇಲ್ಲ. ಇನ್ನೊಂದರಲ್ಲಿ ನಿಮ್ಮ ಸ್ವಂತ ಅಣ್ಣನಿಗೆ ಮಾರಿದರೂ ಕಮಿಷನ್. "ಯಾರ ಮೂಲಕ ಮಾರಾಟವಾದರೂ" ಅಂತಿದ್ದರೆ ಅದು ಎರಡನೆಯದು. ಹಾಗಾಗಿ ಪಕ್ಕದ ಮನೆಯವರ ಸಂಬಂಧಿಕರ ಜೊತೆ ಕರಾರಿನ ಅವಧಿಯೊಳಗೆ ಕಾಗದ ಮಾಡಿದರೆ ಬ್ರೋಕರ್ ಬಿಲ್ ಕಳಿಸ್ತಾನೆ, ಕಳಿಸುವ ಹಕ್ಕು ಕರಾರೇ ಅವನಿಗೆ ಕೊಟ್ಟಿದೆ. ಸಹಿಗೆ ಮುಂಚೆ ಆಗಿದ್ದರೆ "ಈ ಕೆಳಗಿನವರು ನಮ್ಮ ಸ್ವಂತ ಪರಿಚಯ, ಇವರಿಗೆ ಕಮಿಷನ್ ಅನ್ವಯಿಸದು" ಅಂತ ಹೆಸರಿನ ಪಟ್ಟಿ ಸೇರಿಸಬಹುದಿತ್ತು.

ಎರಡನೇ ಸಾಲು ಇನ್ನೂ ಕೆಟ್ಟದು. "ಪರಿಚಯಿಸಿದೊಡನೆ" ಅಂದರೆ ಮಾರಾಟ ಮುರಿದುಬಿದ್ದರೂ, ನೀವೇ ಮನಸ್ಸು ಬದಲಿಸಿದರೂ ಕಮಿಷನ್ ಕೇಳಬಹುದು. ಅಲ್ಲಿ ಇರಬೇಕಾದ ಮಾತು "ಕ್ರಯಪತ್ರ ನೋಂದಣಿಯಾಗಿ ಪೂರ್ತಿ ಹಣ ಮಾಲೀಕರ ಕೈ ಸೇರಿದ ದಿನ". ಆ ಒಂದು ಸಾಲು ತಿದ್ದಿಸಿಕೊಳ್ಳದೆ ಮುಂದಿನ ಕರಾರಿಗೆ ಸಹಿ ಹಾಕಬೇಡಿ.

ಈಗ ಮಾಡಬೇಕಾದ ಕೆಲಸ, ಇದೇ ಕ್ರಮದಲ್ಲಿ:

ಮೊದಲು ಮನೆ ನೋಡಿದವರ ಪಟ್ಟಿ ಕೇಳಿ, ಆಮೇಲೆ ರದ್ದತಿಯ ನೋಟಿಸ್. ಅದಲುಬದಲು ಮಾಡಬೇಡಿ. ನೋಟಿಸ್ ಸಿಕ್ಕ ಮೇಲೆ ಕೇಳಿದರೆ ಫೋನ್‌ಬುಕ್ಕಿನಲ್ಲಿರೋ 40 ಹೆಸರು ತಂದು "ಇವರೆಲ್ಲರಿಗೂ ನಾನೇ ಪರಿಚಯಿಸಿದ್ದು" ಅಂತಾನೆ. ಈಗ ಸಹಜವಾಗಿ ಹೀಗೊಂದು ಇಮೇಲ್ ಕಳಿಸಿ: "ಬೆಲೆ ಇಳಿಸುವ ವಿಚಾರ ತೀರ್ಮಾನಿಸಲು ಇದುವರೆಗೆ ಮನೆ ನೋಡಿದ 9 ಜನರ ಹೆಸರು, ನೋಡಿದ ತಾರೀಕು ಮತ್ತು ಅವರ ಅಭಿಪ್ರಾಯ ಬೇಕು. ಶುಕ್ರವಾರದೊಳಗೆ ಕಳಿಸಿ." ಬೆಲೆ ಇಳಿಸೋ ಆಸೆಗೆ ಕಳಿಸ್ತಾನೆ. 9 ಹೆಸರು ಬರಹದಲ್ಲಿ ಬಂದ ಮೇಲೆ ಅದು 40 ಆಗೋದು ಕಷ್ಟ.

ಆಮೇಲೆ ನೋಟಿಸ್. ವಾಟ್ಸಾಪ್ ಒಂದನ್ನೇ ನಂಬಬೇಡಿ, ಕರಾರು ಲಿಖಿತ ಅಂದಿದೆ. ಸಹಿ ಮಾಡಿದ ಪತ್ರ, ಸ್ವೀಕೃತಿ ಬರುವ ಅಂಚೆಯಲ್ಲಿ, ಅದರದ್ದೇ ಪ್ರತಿ ಇಮೇಲಿಗೆ. ಕೋಪ, ದೂರು, ಇತಿಹಾಸ ಒಂದೂ ಬೇಡ. ಒಕ್ಕಣೆ ಹೀಗಿದ್ದರೆ ಸಾಕು:

"ಇಂಥ ತಾರೀಕಿನ ಕರಾರಿನ ಇಂತಿಷ್ಟನೇ ಷರತ್ತಿನ ಪ್ರಕಾರ 14 ದಿನದ ನೋಟಿಸ್ ನೀಡುತ್ತಿದ್ದೇನೆ. ಕರಾರು ಇಂಥ ತಾರೀಕಿಗೆ ಕೊನೆಗೊಳ್ಳುತ್ತದೆ. ಮನೆ ನೋಡಿದವರು ನಿಮ್ಮ ಇಂಥ ದಿನದ ಇಮೇಲಿನಲ್ಲಿರುವ 9 ಜನ ಎಂದು ಪರಿಗಣಿಸುತ್ತೇನೆ, ವ್ಯತ್ಯಾಸವಿದ್ದರೆ 7 ದಿನದೊಳಗೆ ಭೇಟಿಯ ತಾರೀಕಿನ ಸಮೇತ ತಿಳಿಸಿ. ಕೊನೆಯ ದಿನದೊಳಗೆ ಎಲ್ಲ ಜಾಹೀರಾತು ತೆಗೆದು, ಕೀ ಹಾಗೂ ದಾಖಲೆಗಳ ಪ್ರತಿಗಳನ್ನು ಹಿಂದಿರುಗಿಸಿ."

14 ದಿನ ಎಣಿಸುವಾಗ ಪತ್ರ ತಲುಪಿದ ದಿನದಿಂದ ಎಣಿಸಿ, ಬರೆದ ದಿನದಿಂದಲ್ಲ. ನೋಟಿಸಿಗೆ ಮುಂಚೆ ಕರಾರನ್ನ ನಿಮ್ಮೂರಿನ ವಕೀಲರೊಬ್ಬರಿಗೆ ಒಮ್ಮೆ ತೋರಿಸಿ. ಇಂಥ ಷರತ್ತುಗಳಲ್ಲಿ ಯಾವುದಕ್ಕೆ ಎಷ್ಟು ಬಲ ಅನ್ನೋದು ಆಯಾ ಕಡೆಯ ಕಾನೂನಿನ ಮೇಲೆ ನಿಂತಿದೆ.

ನಿಮ್ಮ 4ನೇ ಪ್ರಶ್ನೆ: ಹೌದು, ಎರಡು ಕಮಿಷನ್ ಬೀಳೋ ಸಾಧ್ಯತೆ ನಿಜವಾಗಿ ಇದೆ. ಬೀಳೋದು ಎರಡು ದಾರಿಯಲ್ಲಿ. ಹಳೇ ಕರಾರು ಜೀವಂತ ಇರುವಾಗಲೇ ಹೊಸದಕ್ಕೆ ಸಹಿ ಹಾಕೋದು ಒಂದು. ಹಳೆಯವನು ಕರೆತಂದಿದ್ದ 9ರಲ್ಲಿ ಒಬ್ಬರು ಹೊಸಬನ ಮೂಲಕ ವಾಪಸ್ ಬಂದು ಕೊಳ್ಳೋದು ಇನ್ನೊಂದು. ಹೊಸ ಕರಾರಿಗೆ ಆ 9 ಹೆಸರನ್ನ ಲಗತ್ತಿಸಿ, "ಇವರಲ್ಲಿ ಯಾರೇ ಕೊಂಡರೂ, ಹಳೆಯ ಏಜೆಂಟಿಗೆ ಕಮಿಷನ್ ಸಲ್ಲಬೇಕಾದಲ್ಲಿ ನಿಮಗೆ ಸಲ್ಲದು" ಅಂತ ಬರೆಸಿ. ಒಳ್ಳೆಯ ಏಜೆಂಟ್ ಇದಕ್ಕೆ ತಕರಾರು ಮಾಡಲ್ಲ. ಹೊಸ ಕರಾರಿನ ಬಾಲವನ್ನೂ ಮೊಟಕು ಮಾಡಿ: ಅವಧಿ ಮುಗಿದ ಮೇಲೆ 6 ತಿಂಗಳಲ್ಲ, 2 ತಿಂಗಳು. ಅದೂ "ಪರಿಚಯಿಸಿದವರು" ಅನ್ನೋ ರಬ್ಬರ್ ಪದ ಬಿಟ್ಟು "ಏಜೆಂಟ್ ಜೊತೆ ಮನೆಯೊಳಗೆ ಬಂದು ನೋಡಿದವರು" ಅಂತ.

ಪಕ್ಕದ ಮನೆಯವರ ಸಂಬಂಧಿಕರನ್ನ ಹಳೇ ಕರಾರು ಮುಗಿಯುವವರೆಗೆ ಈ ಬ್ರೋಕರ್ ಹತ್ತಿರ ಕಳಿಸಬೇಡಿ, ಅವನ ಕೈಯಲ್ಲಿ ಮನೆ ತೋರಿಸಬೇಡಿ. ಒಂದು ಸಲ ಅವನ ಡೈರಿಯಲ್ಲಿ ಹೆಸರು ಬಿದ್ದರೆ 6 ತಿಂಗಳ ಬಾಲ ಅವರಿಗೂ ಅಂಟಿಕೊಳ್ಳುತ್ತೆ. ಅವಧಿ ಮುಗಿಯುವ ಮೊದಲು ಅವರಿಂದ ಅಡ್ವಾನ್ಸ್ ತೊಗೊಂಡು ಆಮೇಲೆ ತಾರೀಕು ಹಾಕೋಣ ಅನ್ನೋ ಐಡಿಯಾ ಯಾರಾದರೂ ಕೊಟ್ಟರೆ ಕಿವಿ ಮುಚ್ಚಿಕೊಳ್ಳಿ. ಬ್ಯಾಂಕ್ ಖಾತೆಯಲ್ಲಿ ತಾರೀಕು ಬದಲಾಗಲ್ಲ.

---

ಹೊಸಿಲು

ಪಟ್ಟಿ ಕೇಳಿ ಇಮೇಲ್ ಹೋಯ್ತು. ದಾಖಲೆಗಳ ಝೆರಾಕ್ಸ್ ಒಂದು ಸೆಟ್ ಅವನ ಹತ್ತಿರ ಇದೆ, ಒಂದು ಕೀ ಕೂಡ. ವಾಪಸ್ ಕೊಡ್ತಾನೆ ಅಂತ ನಂಬಬಹುದಾ?

---

ಮೇಜಿನಾಚೆ

ಕೀ ಕೊಡ್ತಾನೆ, ಅದರ ನಕಲು ಎಷ್ಟಿದೆ ಅಂತ ಅವನಿಗೂ ಗೊತ್ತಿರಲ್ಲ. ಸಹಾಯಕ ಹುಡುಗರ ಕೈಗೆಲ್ಲ ಹೋಗಿರುತ್ತೆ. ಕರಾರು ಮುಗಿದ ದಿನ ಮುಂಬಾಗಿಲ ಬೀಗದ ಸಿಲಿಂಡರ್ (ಕೀ ತೂರಿಸೋ ಭಾಗ) ಮಾತ್ರ ಬದಲಿಸಿ, ಇಡೀ ಬೀಗ ಬೇಡ. ಸಿಲಿಂಡರ್ ಬೇರೆಯಾಗಿ ಬರೋ ಬೀಗವಾದರೆ ಬಾಗಿಲಿನ ಅಂಚಿನಲ್ಲಿ ಅದನ್ನ ಹಿಡಿದಿರೋ ಒಂದು ಉದ್ದ ಸ್ಕ್ರೂ ಇರುತ್ತೆ. ಅದನ್ನ ಬಿಚ್ಚಿ, ಕೀಯನ್ನ ಸ್ವಲ್ಪ ತಿರುಗಿಸಿದರೆ ಸಿಲಿಂಡರ್ ಜಾರಿ ಬರುತ್ತೆ. ಅದೇ ಉದ್ದದ್ದು ತಂದು ಹಾಕಿದರೆ ಹತ್ತು ನಿಮಿಷದ ಕೆಲಸ.

ಝೆರಾಕ್ಸ್ ಹೋದದ್ದು ಹೋಯ್ತು. ಮುಂದಿನವನಿಗೆ ಕೊಡುವಾಗ ಪ್ರತಿ ಹಾಳೆಯ ಮೇಲೆ ಅಡ್ಡಲಾಗಿ "ಪರಿಶೀಲನೆಗೆ ಮಾತ್ರ", ಏಜೆಂಟಿನ ಹೆಸರು, ತಾರೀಕು ಬರೆದು ಕೊಡಿ. ಬರಹ ಅಂಚಿನಲ್ಲಿ ಬೇಡ, ಅಕ್ಷರಗಳ ಮೇಲೇ ಹಾಯಲಿ. ಅಂಚಿನಲ್ಲಿದ್ದದ್ದನ್ನ ಕತ್ತರಿಸಿ ಮತ್ತೆ ಝೆರಾಕ್ಸ್ ಮಾಡ್ತಾರೆ.